ಮೋಹಕ ವಂಚಕ, ಮಾದರಿ 1955: ಓದುಗರ ಕೈಪಿಡಿ



ಪ್ಯಾಟ್ರಿಶಿಯಾ ಹೈಸ್ಮಿತ್ ಅವರ ‘ದಿ ಟ್ಯಾಲೆಂಟೆಡ್ ಮಿಸ್ಟರ್ ರಿಪ್ಲಿ’ ಕಾದಂಬರಿಯನ್ನು ಕೈಗೆತ್ತಿಕೊಂಡಿದ್ದಕ್ಕೆ ಧನ್ಯವಾದ. 1955ರಲ್ಲಿ ಅಮೆರಿಕದಲ್ಲಿ ಬಿಡುಗಡೆಯಾದ ಈ ಮನೋವೈಜ್ಞಾನಿಕ ಥ್ರಿಲ್ಲರ್‌ಗೆ ಈಗ ಎಪ್ಪತ್ತು ದಾಟಿದೆ. ಇದರ ಒಂದು ಸ್ಕ್ರೂ ಕೂಡ ಸಡಿಲವಾಗಿಲ್ಲ. ದೂರುಗಳು ಮಾತ್ರ ಬರುತ್ತಲೇ ಇವೆ. ಒಬ್ಬರು ಊಟ ನಿದ್ದೆ ಬಿಟ್ಟು ಮುಗಿಸಿದೆ ಎಂದು ಐದು ನಕ್ಷತ್ರ ಕೊಡುತ್ತಾರೆ. ಇನ್ನೊಬ್ಬರು ನೆಟ್ಟಗಿರುವ ಒಬ್ಬ ಮನುಷ್ಯನೂ ಇಲ್ಲದ ಪುಸ್ತಕವನ್ನು ಯಾಕೆ ಓದಬೇಕು ಎಂದು ಒಂದು ನಕ್ಷತ್ರ ಬಿಸಾಕಿ ಎದ್ದುಹೋಗುತ್ತಾರೆ. ಮೂರನೆಯವರು ಐದೂ ಕೊಟ್ಟು, ಕೊಟ್ಟಿದ್ದಕ್ಕೆ ತಮ್ಮ ಮೇಲೇ ಬೇಜಾರು ಮಾಡಿಕೊಳ್ಳುತ್ತಾರೆ. ಮೂವರಿಗೂ ತಲುಪಿದ್ದು ಒಂದೇ ಸರಕು, ಮೂವರ ಕೈಯಲ್ಲೂ ಅದು ಸರಿಯಾಗಿಯೇ ಓಡಿದೆ. ಇದನ್ನು ಮನಗಾಣಿಸುವುದಕ್ಕೇ ಈ ಕೈಪಿಡಿ. ಬಳಸುವ ಮುನ್ನ ತಪ್ಪದೆ ಓದಿ. ಬಳಸಿದ ಮೇಲೆ ಓದಿದರೂ ನಡೆಯುತ್ತದೆ, ಹೆಚ್ಚಿನವರು ಹಾಗೇ ಮಾಡುತ್ತಾರೆ.

1. ಪೆಟ್ಟಿಗೆಯಲ್ಲಿ ಏನೇನಿದೆ

ತೆರೆದ ಕೂಡಲೇ ಈ ಕೆಳಗಿನವು ಇವೆಯೇ ಎಂದು ನೋಡಿಕೊಳ್ಳಿ.

ಟಾಮ್ ರಿಪ್ಲಿ, ಒಂದು. ನ್ಯೂಯಾರ್ಕ್‌ನಲ್ಲಿ ಅವರಿವರ ಕೋಣೆಯಲ್ಲಿ ದಿನ ತಳ್ಳುತ್ತಿರುವ ಬಡ ಯುವಕ. ಅಪ್ಪ ಅಮ್ಮ ಬಾಸ್ಟನ್ ಬಂದರಿನಲ್ಲಿ ಮುಳುಗಿ ಸತ್ತವರು. ಸಾಕಿದ್ದು ಡಾಟಿ ಆಂಟಿ, ಅದೂ ಹಂಗಿಸುತ್ತಲೇ. ನೀರು ಕಂಡರೆ ಭಯ. ಸದ್ಯದ ಕಸುಬು, ತೆರಿಗೆ ಇಲಾಖೆಯವನೆಂದು ಹೇಳಿಕೊಂಡು ಚಿತ್ರಕಾರರಿಗೆ, ಬರಹಗಾರರಿಗೆ ಬಾಕಿ ಕಟ್ಟಿ ಎಂದು ಹೆದರಿಸುವುದು. ಚೆಕ್ಕುಗಳು ಬರುತ್ತವೆ, ಆದರೆ ಅವು ಇಲಾಖೆಯ ಹೆಸರಿನಲ್ಲಿರುವುದರಿಂದ ಇವನಿಗೆ ಒಂದು ಕಾಸೂ ಸಿಗುವುದಿಲ್ಲ. ಲಾಭವಿಲ್ಲದಿದ್ದರೂ ಮೋಸ ಮಾಡುತ್ತಾನೆ ಎಂಬುದನ್ನು ಗುರುತು ಹಾಕಿಟ್ಟುಕೊಳ್ಳಿ.

ಡಿಕಿ ಗ್ರೀನ್‌ಲೀಫ್, ಒಂದು. ಹಡಗು ಕಟ್ಟುವ ಶ್ರೀಮಂತನ ಮಗ. ನೇಪಲ್ಸ್‌ನ ದಕ್ಷಿಣಕ್ಕೆ ಮೊಂಜಿಬೆಲ್ಲೊ ಎಂಬ ಕಡಲತೀರದ ಹಳ್ಳಿಯಲ್ಲಿ ವಾಸ. ಹಳ್ಳಿ ಲೇಖಕಿಯ ಸೃಷ್ಟಿ, ಭೂಪಟದಲ್ಲಿ ಹುಡುಕಬೇಡಿ. ಡಿಕಿ ಚಿತ್ರ ಬರೆಯುತ್ತಾನೆ. ಚೆನ್ನಾಗಿ ಬರೆಯುವುದಿಲ್ಲ. ತಿಂಗಳು ತಿಂಗಳು ಹಣ ಬರುವುದರಿಂದ ಚೆನ್ನಾಗಿ ಬರೆಯುವ ಅಗತ್ಯವೂ ಅವನಿಗೆ ಬಿದ್ದಿಲ್ಲ.

ಮಾರ್ಜ್ ಶೆರ್ವುಡ್, ಒಂದು. ಪುಸ್ತಕ ಬರೆಯುತ್ತಿರುವ ಅಮೆರಿಕನ್ ಯುವತಿ. ಡಿಕಿಯ ಮೇಲೆ ಮನಸ್ಸಿಟ್ಟವಳು.

ಉಂಗುರ ಎರಡು. ಹರ್ಮಿಸ್ ಟೈಪ್‌ರೈಟರ್ ಒಂದು. ದೋಣಿಯ ಹುಟ್ಟು ಒಂದು. ಗಾಜಿನ ಭಾರದ ಆಶ್‌ಟ್ರೇ ಒಂದು. ಫ್ರಿಜ್ ಒಂದು. 

ಪತ್ತೇದಾರ, ಒಂದು. ಬಹಳ ತಡವಾಗಿ ಬರುತ್ತಾನೆ, ಯಾರಿಗೂ ತೊಂದರೆ ಕೊಡದೆ ಹೋಗುತ್ತಾನೆ.

ನಾಯಕನನ್ನು ಪೆಟ್ಟಿಗೆಯಲ್ಲಿ ಸೇರಿಸಿಲ್ಲ. ಪ್ರತ್ಯೇಕವಾಗಿ ಕೊಳ್ಳುತ್ತೇನೆಂದರೂ ಸಿಗುವುದಿಲ್ಲ.

ವಿಶೇಷ ಸೂಚನೆ: ಹೊರಗಿನ ರಟ್ಟಿನ ಮೇಲೆ ‘ಮೋಹಕ ವಂಚಕ’ ಎಂದಿದ್ದರೆ ಅದನ್ನು ಅಕ್ಷರಶಃ ತೆಗೆದುಕೊಳ್ಳಬೇಡಿ. ಮೂಲ ಮಾದರಿಯಲ್ಲಿ ಟಾಮ್‌ನ ಮುಖ ಗುಂಪಿನಲ್ಲಿ ಮರೆತುಹೋಗುವಂಥದ್ದು, ಅವನಿಗೂ ಅದು ಗೊತ್ತು. ಮಾತು ತಡವರಿಸುತ್ತದೆ, ನಗು ಬೇಗ ಬರುತ್ತದೆ, ಎದುರಿಗಿರುವವರಿಗೆ ಏನು ಬೇಕೆಂದು ಮೂಗಿನಲ್ಲೇ ಹಿಡಿಯುತ್ತಾನೆ. ಮೊಂಜಿಬೆಲ್ಲೊದಲ್ಲಿ ಅವನು ಯಾರನ್ನೂ ಮರುಳು ಮಾಡುವುದಿಲ್ಲ. ಮಾರ್ಜ್‌ಗೆ ಮೊದಲಿನಿಂದಲೂ ಅವನು ಸೇರುವುದಿಲ್ಲ. ಡಿಕಿಗೆ ಕೆಲವೇ ವಾರಗಳಲ್ಲಿ ಸಾಕಾಗುತ್ತಾನೆ. ಅವನು ನಿಜವಾಗಿ ಮರುಳು ಮಾಡುವುದು ಒಬ್ಬರನ್ನು ಮಾತ್ರ. ಅವರು ಈಗ ಈ ಕೈಪಿಡಿ ಓದುತ್ತಿದ್ದಾರೆ.

2. ಸುರಕ್ಷತಾ ಸೂಚನೆಗಳು

ಕಥೆ ಮೊದಲೇ ತಿಳಿದರೆ ಕೆರಳುವವರು ಇಲ್ಲಿಗೇ ನಿಲ್ಲಿಸಿ. ಮುಂದೆ ಕೊಲೆ, ಉಯಿಲು, ಉಂಗುರ ಎಲ್ಲ ಬಯಲಾಗಲಿದೆ.

ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನನ್ನು ಓದಿ ಬೆಳೆದವರು ವಿಶೇಷ ಎಚ್ಚರ ವಹಿಸಬೇಕು. ಪುರುಷೋತ್ತಮನ ಜಗತ್ತಿನಲ್ಲಿ ಪುಟ ತಿರುವುವ ಬೆರಳು ಪತ್ತೇದಾರನ ಜೊತೆ ಓಡುತ್ತದೆ, ಕೊನೆಯಲ್ಲಿ ಕೈಕೋಳದ ಸದ್ದು ಕೇಳಿಸುತ್ತದೆ. ಆ ಅಭ್ಯಾಸವನ್ನೇ ಇಟ್ಟುಕೊಂಡು ಇಲ್ಲಿಗೆ ಬಂದರೆ ಬೆರಳು ಕೊಲೆಗಾರನ ಜೊತೆ ಓಡುತ್ತಿರುತ್ತದೆ. ಎಷ್ಟನೆಯ ಪುಟದಲ್ಲಿ ಪಕ್ಷ ಬದಲಾಯಿತೆಂದು ತಿರುಗಿ ನೋಡಿದರೂ ತಿಳಿಯುವುದಿಲ್ಲ.

ಸ್ನೇಹಿತನ ಅಂಗಿ ಕೇಳಿ ಹಾಕಿಕೊಂಡಿರುವ ದಿನ, ಇನ್ನೊಬ್ಬರ ಮನೆ ನೋಡಿ ಬಂದು ಸುಮ್ಮನೆ ಕೂತ ಸಂಜೆ ಈ ಉತ್ಪನ್ನವನ್ನು ಬಳಸಬೇಡಿ. ಪರಿಣಾಮ ಇಮ್ಮಡಿಯಾಗುತ್ತದೆ.

3. ಬಳಸುವ ವಿಧಾನ

ಹಂತ ಒಂದು. ಮಗನನ್ನು ಬುದ್ಧಿ ಹೇಳಿ ಕರೆತಾ ಎಂದು ಹಿರಿಯ ಗ್ರೀನ್‌ಲೀಫ್ ತನ್ನ ಖರ್ಚಿನಲ್ಲಿ ಟಾಮ್‌ನನ್ನು ಇಟಲಿಗೆ ಕಳಿಸುತ್ತಾನೆ. ಹಡಗಿನ ಕೋಣೆಗೆ ಗ್ರೀನ್‌ಲೀಫ್ ದಂಪತಿಯಿಂದ ಹಣ್ಣಿನ ದೊಡ್ಡ ಬುಟ್ಟಿ ಬರುತ್ತದೆ. ಅಂಥ ಬುಟ್ಟಿಗಳನ್ನು ಟಾಮ್ ಅದುವರೆಗೆ ಅಂಗಡಿಯ ಗಾಜಿನ ಹಿಂದೆ ನೋಡಿದ್ದನೇ ಹೊರತು, ಅವನ ಹೆಸರಿಗೆ ಒಂದೂ ಬಂದಿರಲಿಲ್ಲ. ಕೈಯಿಂದ ಮುಖ ಮುಚ್ಚಿಕೊಂಡು ಬಿಕ್ಕಿ ಬಿಕ್ಕಿ ಅಳುತ್ತಾನೆ. ಇಲ್ಲಿ ನಿಮ್ಮ ಗಂಟಲಲ್ಲೂ ಏನೋ ಸಿಕ್ಕಿಕೊಂಡಂತಾದರೆ ಉಪಕರಣ ಚಾಲೂ ಆಗಿದೆ ಎಂದರ್ಥ. ಇನ್ನು ಮುಂದೆ ಸ್ವಿಚ್ ನಿಮ್ಮ ಕೈಯಲ್ಲಿಲ್ಲ.

ಹಂತ ಎರಡು. ಮೊಂಜಿಬೆಲ್ಲೊದಲ್ಲಿ ವಸ್ತುಗಳನ್ನು ಗಮನಿಸಿ. ಡಿಕಿಯ ಮನೆಗೆ ಬಂದ ಫ್ರಿಜ್ ಮೇಲೆ ಟಾಮ್‌ಗೆ ವಿಪರೀತ ಸಿಟ್ಟು. ಫ್ರಿಜ್ ಬಂತೆಂದರೆ ಡಿಕಿ ಇಲ್ಲೇ ತಳವೂರುತ್ತಾನೆ, ತನ್ನೊಂದಿಗೆ ಊರೂರು ಸುತ್ತಲು ಬರುವುದಿಲ್ಲ. ಒಂದು ಸಂಸಾರ ಕಣ್ಣೆದುರಿಗೇ ಬೇರು ಬಿಡುತ್ತಿದೆ, ಅದರಲ್ಲಿ ತನಗೆ ಜಾಗವಿಲ್ಲ. ಇಷ್ಟನ್ನು ಹೇಳುವುದಕ್ಕೆ ಹೈಸ್ಮಿತ್ ಮನಶ್ಶಾಸ್ತ್ರದ ಒಂದು ಸಾಲನ್ನೂ ಖರ್ಚು ಮಾಡುವುದಿಲ್ಲ, ಅಡುಗೆಮನೆಯ ಒಂದು ಪೆಟ್ಟಿಗೆಯಲ್ಲಿ ಮುಗಿಸುತ್ತಾರೆ.

ಹಂತ ಮೂರು. ಕನ್ನಡಿ. ಡಿಕಿ ಹೊರಗೆ ಹೋಗಿದ್ದಾನೆ. ಟಾಮ್ ಅವನ ಕೋಣೆಗೆ ನುಗ್ಗಿ ಅವನ ಸೂಟು ತೊಟ್ಟು, ಟೈ ಕಟ್ಟಿ, ಅವನಂತೆ ಬೈತಲೆ ತೆಗೆದು, ಅವನ ದನಿಯಲ್ಲಿ ಇಲ್ಲದ ಮಾರ್ಜ್‌ನ ಜೊತೆ ಮಾತಾಡುತ್ತಾನೆ, ಗಾಳಿಯಲ್ಲೇ ಅವಳ ಕತ್ತು ಹಿಸುಕುತ್ತಾನೆ. ತಿರುಗಿದರೆ ಬಾಗಿಲಲ್ಲಿ ಡಿಕಿ. ಪರೀಕ್ಷಾರ್ಥವಾಗಿ ಈ ಹಂತದಲ್ಲಿ ನಿಮ್ಮ ನಾಚಿಕೆ ಯಾರ ಪರವಾಗಿದೆ ನೋಡಿಕೊಳ್ಳಿ. ಕಳ್ಳನಂತೆ ಬಟ್ಟೆ ತೊಟ್ಟವನನ್ನು ಕಂಡು ಅಸಹ್ಯವಾಯಿತೇ, ಅಥವಾ ಸಿಕ್ಕಿಬಿದ್ದೆವಲ್ಲ ಎಂದು ಕಿವಿ ಬಿಸಿಯಾಯಿತೇ? ಕಿವಿ ಬಿಸಿಯಾದವರು ಮುಂದಿನ ಹಂತಕ್ಕೆ ಅರ್ಹರು.

ಹಂತ ನಾಲ್ಕು. ಸಾನ್ ರೆಮೊ. ರೈಲಿನಲ್ಲೇ ಟಾಮ್ ತೀರ್ಮಾನ ಮಾಡಿಬಿಟ್ಟಿದ್ದಾನೆ. ಬಾಡಿಗೆಯ ಮೋಟಾರು ದೋಣಿ, ದಡ ದೂರ, ಹುಟ್ಟಿನ ಪೆಟ್ಟು. ಕೊಲೆ ಬೇಗ ಮುಗಿದುಹೋಗುತ್ತದೆ. ಮುಗಿಯದಿರುವುದು ಅದರ ನಂತರದ ಕೆಲಸ. ಹೆಣಕ್ಕೆ ಭಾರ ಕಟ್ಟಬೇಕು, ಸ್ವತಃ ನೀರಿಗೆ ಬೀಳಬೇಕು, ಓಡುತ್ತಿರುವ ದೋಣಿಯನ್ನು ಹಿಡಿಯಬೇಕು, ರಕ್ತ ತೊಳೆಯಬೇಕು, ದೋಣಿಗೆ ಕಲ್ಲು ತುಂಬಿ ಮುಳುಗಿಸಬೇಕು. ನೀರಿಗೆ ಹೆದರುವವನಿಗೆ ಇಷ್ಟೆಲ್ಲ ನೀರಿನ ಕೆಲಸ. ಡಿಕಿ ಸತ್ತು ಎರಡು ಪುಟ ಆಗಿರುವುದಿಲ್ಲ, ನಾವಾಗಲೇ ‘ಅಯ್ಯೋ, ಪಾಪ, ಬೇಗ ಹತ್ತೋ ದೋಣಿಗೆ’ ಎನ್ನುತ್ತಿರುತ್ತೇವೆ.

ಹಂತ ಐದು. ರೋಮ್. ಈಗ ಟಾಮ್ ಡಿಕಿಯಾಗಿದ್ದಾನೆ. ಡಿಕಿಯ ಸಹಿ, ಡಿಕಿಯ ಚೆಕ್ಕು, ಡಿಕಿಯ ಟೈಪ್‌ರೈಟರಿನಲ್ಲಿ ಅಪ್ಪನಿಗೂ ಮಾರ್ಜ್‌ಗೂ ಕಾಗದ. ಡಿಕಿಯ ಗೆಳೆಯ ಫ್ರೆಡ್ಡಿ ಮೈಲ್ಸ್ ಹೇಳದೆ ಕೇಳದೆ ಬಾಗಿಲು ತಟ್ಟುತ್ತಾನೆ. ಟಾಮ್‌ನ ಕೈಮೇಲಿನ ಒಡವೆಗಳ ಮೇಲೆ ಅವನ ಕಣ್ಣು. ಹೊರಟವನು ಮೆಟ್ಟಿಲಿಳಿದು ಮನೆಯೊಡತಿಯನ್ನು ವಿಚಾರಿಸುತ್ತಾನೆ, ಮತ್ತೆ ಮೇಲೆ ಹತ್ತಿ ಬರುತ್ತಾನೆ. ಆಶ್‌ಟ್ರೇ ಕೈಗೆ ಸಿಗುವಷ್ಟು ಹತ್ತಿರದಲ್ಲಿದೆ. ಆಮೇಲೆ ಕುಡಿದು ಕೂತಿದ್ದರೆಂದು ತೋರಿಸಲು ಟಾಮ್ ಲೋಟ, ಸಿಗರೇಟು ತುಂಡುಗಳನ್ನು ಜೋಡಿಸುತ್ತಾನೆ. ಕತ್ತಲಾದ ಮೇಲೆ ಹೆಣದ ತೋಳನ್ನು ಹೆಗಲಿಗೆ ಹಾಕಿಕೊಂಡು, ಕುಡಿದ ಸ್ನೇಹಿತನನ್ನು ಮನೆ ಸೇರಿಸುವವನಂತೆ ಒಂದೊಂದೇ ಮೆಟ್ಟಿಲು ಇಳಿಯುತ್ತಾನೆ. ಫ್ರೆಡ್ಡಿ ದಪ್ಪ ಆಳು. ಮೆಟ್ಟಿಲು ಮುಗಿಯುವಷ್ಟರಲ್ಲಿ ಓದುಗರ ಸೊಂಟವೂ ಹಿಡಿದುಕೊಂಡಿರುತ್ತದೆ. ಆಪಿಯನ್ ರಸ್ತೆಯ ಹಳೆಯ ಗೋರಿಗಳ ನಡುವೆ ಹೆಣ ಇಳಿಸಿ ಬಂದಾಗ ‘ಸದ್ಯ’ ಎಂದವರು ತಮ್ಮ ಬಾಯಿಯನ್ನು ತಾವೇ ಕೇಳಿಸಿಕೊಳ್ಳಬೇಕಾಗಿ ವಿನಂತಿ.

ಹಂತ ಆರು. ವೆನಿಸ್. ಟಾಮ್ ಮತ್ತೆ ಟಾಮ್ ಆಗಿದ್ದಾನೆ. ಮನೆಗೆ ಬಂದು ಉಳಿದ ಮಾರ್ಜ್ ಏನನ್ನೋ ಹುಡುಕುತ್ತಾ ಪೆಟ್ಟಿಗೆ ತೆರೆದರೆ ಡಿಕಿಯ ಎರಡೂ ಉಂಗುರ. ಟಾಮ್‌ನ ಕೈಗೆ ಒಂದು ಶೂ ಬರುತ್ತದೆ. ಅದರ ಹಿಮ್ಮಡಿ ಎಷ್ಟು ಗಟ್ಟಿಯಿದೆ ಎಂದು ಲೆಕ್ಕ ಹಾಕುತ್ತಿರುತ್ತಾನೆ. ಅಷ್ಟರಲ್ಲಿ ಮಾರ್ಜ್ ತಾನೇ ಒಂದು ತೀರ್ಮಾನಕ್ಕೆ ಬರುತ್ತಾಳೆ: ಉಂಗುರ ಬಿಚ್ಚಿಕೊಟ್ಟನೆಂದರೆ ಡಿಕಿ ಸಾಯಲೆಂದೇ ಹೋಗಿರಬೇಕು. ನೇಣಿಗೇರಿಸಬೇಕಿದ್ದ ಸಾಕ್ಷಿಯೇ ಕೊರಳಿನ ಹಗ್ಗ ಬಿಚ್ಚುತ್ತದೆ. ಶೂ ನೆಲಕ್ಕಿಳಿಯುತ್ತದೆ. ಮಾರ್ಜ್ ಬದುಕಿದಳೆಂದು ಸಮಾಧಾನವಾಯಿತೇ, ಟಾಮ್ ಬಚಾವಾದನೆಂದು ಸಮಾಧಾನವಾಯಿತೇ? ಎರಡನ್ನೂ ಬೇರೆ ಬೇರೆ ಮಾಡಲು ಬಾರದಿದ್ದರೆ ಗಾಬರಿಯಾಗಬೇಡಿ, ಉತ್ಪನ್ನವನ್ನು ಹಾಗೆಯೇ ಬೆಸೆದು ಕಳಿಸಲಾಗಿದೆ.

ಹಂತ ಏಳು. ಗ್ರೀಸ್. ಬಂದರಿನಲ್ಲಿ ಪೊಲೀಸರು ನಿಂತಿದ್ದಾರೆ. ಅವನಿಗಾಗಿ ಅಲ್ಲ. ಬದಲಿಗೆ ಗ್ರೀನ್‌ಲೀಫ್ ಕುಟುಂಬದಿಂದ ಕಾಗದ ಬರುತ್ತದೆ. ಟಾಮ್ ತಾನೇ ಟೈಪ್ ಮಾಡಿ, ತಾನೇ ಡಿಕಿಯ ಸಹಿ ಹಾಕಿದ ಉಯಿಲನ್ನು ಅವರು ಒಪ್ಪಿಕೊಂಡಿದ್ದಾರೆ. ಡಿಕಿಯ ಆಸ್ತಿ ಇನ್ನು ಟಾಮ್‌ನದು. ಪುಸ್ತಕ ಮುಚ್ಚಿ.

4. ಇದು ಓಡುವ ಬಗೆ

ಒಳಗಿನ ಯಂತ್ರ ಸರಳ. ಕಥೆ ‘ನಾನು’ ಎಂದು ಹೇಳಿಕೊಳ್ಳುವುದಿಲ್ಲ, ‘ಅವನು’ ಎಂದೇ ಸಾಗುತ್ತದೆ. ಆದರೆ ಟಾಮ್ ಇಲ್ಲದ ಒಂದು ದೃಶ್ಯವೂ ಇಲ್ಲ. ಪೊಲೀಸರು ಠಾಣೆಯಲ್ಲಿ ಏನು ಮಾತಾಡಿಕೊಂಡರು, ಮಾರ್ಜ್ ರಾತ್ರಿ ಏನು ಯೋಚಿಸಿದಳು ಎಂಬುದು ಟಾಮ್‌ಗೆ ಎಷ್ಟು ಗೊತ್ತೋ ನಮಗೂ ಅಷ್ಟೇ. ಮಾಹಿತಿಯ ಕಿಟಕಿ ಒಂದೇ ಆದಾಗ ನಿಲ್ಲುವ ಜಾಗವೂ ಒಂದೇ ಆಗುತ್ತದೆ.

ಎರಡನೆಯ ಗಾಲಿ, ಕೆಲಸ. ಹೈಸ್ಮಿತ್ ನಮ್ಮನ್ನು ‘ಇವನು ಒಳ್ಳೆಯವನೇ?’ ಎಂದು ಎಲ್ಲೂ ಕೇಳುವುದಿಲ್ಲ. ಸೂಟ್‌ಕೇಸು ಸಮಯಕ್ಕೆ ತಲುಪೀತೇ, ಬ್ಯಾಂಕಿನವನು ಸಹಿಯನ್ನು ದಿಟ್ಟಿಸಿ ನೋಡಿದನೇ, ಹೋಟೆಲಿನ ದಾಖಲೆಯಲ್ಲಿ ಯಾವ ಹೆಸರಿದೆ ಎಂದಷ್ಟೇ ಕೇಳುತ್ತಾರೆ. ಮಗನ ಪಕ್ಕ ಕೂತು ಹೋಮ್‌ವರ್ಕ್ ಮಾಡಿಸುವ ತಾಯಿಗೆ ಲೆಕ್ಕ ಸರಿಯಾದರೆ ಸಾಕೆನ್ನಿಸುವಂತೆ, ನಮಗೂ ಕೈಯಲ್ಲಿರುವ ಲೆಕ್ಕ ಸರಿಹೋದರೆ ಸಾಕೆನ್ನಿಸಿಬಿಡುತ್ತದೆ. ಏನನ್ನು ಕೂಡಿ ಏನನ್ನು ಕಳೆಯುತ್ತಿದ್ದೇವೆಂದು ನೋಡುವುದಿಲ್ಲ. ಪಾಪವನ್ನು ಸಣ್ಣ ಸಣ್ಣ ಕೆಲಸಗಳಾಗಿ ಒಡೆದರೆ ಅದು ಶ್ರಮದಂತೆ ಕಾಣುತ್ತದೆ. ಶ್ರಮ ಪಡುವವರ ಮೇಲೆ ನಮಗೆ ಕನಿಕರ ಜಾಸ್ತಿ.

5. ತೊಂದರೆ ಮತ್ತು ಪರಿಹಾರ

ದೂರು: ‘ಯಾವ ಪಾತ್ರವೂ ಇಷ್ಟವಾಗಲಿಲ್ಲ.’
ಕಾರಣ: ಡಿಕಿ ಸೋಮಾರಿ, ಮಾರ್ಜ್‌ಗೆ ಅನುಮಾನ ಬಂದರೂ ತಪ್ಪು ಕಡೆಗೆ ತಿರುಗುತ್ತದೆ, ಫ್ರೆಡ್ಡಿ ಒರಟ. ಸತ್ತವರ ಮೇಲೆ ಪ್ರೀತಿ ಹುಟ್ಟದಂತೆ ಮೊದಲೇ ಏರ್ಪಾಡಾಗಿದೆ. ಈ ಮೂವರನ್ನೂ ನಾವು ನೋಡುವುದು ಟಾಮ್‌ನ ಕಣ್ಣಿನಲ್ಲಿ ಎಂಬುದನ್ನು ನೆನಪಿಡಿ.
ಪರಿಹಾರ: ಮಾರ್ಜ್‌ನ ದೃಶ್ಯಗಳನ್ನು ಇನ್ನೊಮ್ಮೆ ಓದಿ. ಆಕೆ ಟಾಮ್ ಬಗ್ಗೆ ಹೇಳುವ ಮಾತುಗಳಲ್ಲಿ ಎಷ್ಟು ಸುಳ್ಳು ಎಂದು ಲೆಕ್ಕ ಹಾಕಿ. ಪಟ್ಟಿ ಬಹಳ ಚಿಕ್ಕದಿರುತ್ತದೆ.

ದೂರು: ‘ಕೊಲೆಗಾರನೇ ಇಷ್ಟವಾಗಿಬಿಟ್ಟ, ನನಗೇನಾಗಿದೆ?’
ಕಾರಣ: ಏನೂ ಆಗಿಲ್ಲ. ಮೊದಲ ದೂರಿಗೂ ಇದಕ್ಕೂ ಕಾರಣ ಒಂದೇ. ಉಳಿದವರ ಮೇಲಿನ ಪ್ರೀತಿಯನ್ನು ಕಿತ್ತು ಟಾಮ್‌ನ ಖಾತೆಗೆ ಜಮಾ ಮಾಡಲಾಗಿದೆ.
ಪರಿಹಾರ: ಇಲ್ಲ.

ದೂರು: ‘ನಡುವೆ ಎಳೆದಾಟ. ಬರೀ ಬ್ಯಾಂಕು, ರೈಲು, ಕಾಗದ.’
ಕಾರಣ: ಯಂತ್ರದ ಮುಖ್ಯ ಭಾಗವೇ ಅದು. ನಾಲ್ಕನೆಯ ವಿಭಾಗ ನೋಡಿ.
ಪರಿಹಾರ: ಆ ಪುಟಗಳನ್ನು ಹಾರಿಸಿ ಓದಬಹುದು. ಹಾಗೆ ಓದಿದವರು ಅಂತ್ಯಕ್ಕೆ ಬಂದಾಗ ಸಿಟ್ಟಾಗುತ್ತಾರೆ. ಹಾರಿಸದೆ ಓದಿದವರು ನಿಟ್ಟುಸಿರು ಬಿಡುತ್ತಾರೆ. ಎರಡರಲ್ಲಿ ಯಾವುದು ಒಳ್ಳೆಯದೆಂದು ಕಂಪನಿ ಹೇಳಲಾರದು.

ದೂರು: ‘ಪೊಲೀಸರು ಇಷ್ಟೊಂದು ದಡ್ಡರೇ? ಎಲ್ಲ ಕಾಕತಾಳೀಯ!’
ಕಾರಣ: ಕಥೆ ನಡೆಯುವುದು 1950ರ ದಶಕದ ಯುರೋಪಿನಲ್ಲಿ. ಮನುಷ್ಯನೆಂದರೆ ಒಂದು ಪಾಸ್‌ಪೋರ್ಟು, ಒಂದು ಸಹಿ, ಹೋಟೆಲಿನ ಮೇಜಿನ ಮೇಲಿನ ಒಂದು ಸಾಲು. ಕೂದಲಿಗೆ ಸ್ವಲ್ಪ ಬಣ್ಣ, ಹುಬ್ಬಿಗೆ ಸ್ವಲ್ಪ ಪೆನ್ಸಿಲು ಸಾಕು. ಬೆರಳಚ್ಚಿನ ಪ್ರಸಂಗವನ್ನೇ ನೋಡಿ. ರೋಮ್‌ನ ಮನೆಯ ತುಂಬ ಟಾಮ್‌ನ ಬೆರಳಚ್ಚು. ವೆನಿಸ್‌ನಲ್ಲಿ ಸಿಕ್ಕ ಡಿಕಿಯ ಪೆಟ್ಟಿಗೆಗಳ ಮೇಲೂ ಅದೇ. ಎರಡೂ ಹೊಂದಿದ್ದರಿಂದ ಅದು ಡಿಕಿಯದೇ ಎಂದು ಪೊಲೀಸರು ಷರಾ ಬರೆಯುತ್ತಾರೆ. ತರ್ಕದಲ್ಲಿ ತಪ್ಪಿಲ್ಲ. ಮೊದಲ ಹೆಜ್ಜೆ ಮಾತ್ರ ಸುಳ್ಳು.
ಪರಿಹಾರ: ಕಾಕತಾಳೀಯದ ಬಗ್ಗೆ ದೂರಿದರೆ ತಯಾರಕರು ಕಿವಿಗೊಡುವುದಿಲ್ಲ. ನಂಬಲು ಇನ್ನೇನು ಸಾಧ್ಯವಿಲ್ಲ ಎನ್ನುವ ಅಂಚಿನಲ್ಲಿ ನಿಲ್ಲುವ ಸಂದರ್ಭಗಳೇ ತಮಗೆ ಇಷ್ಟವೆಂದು ಹೈಸ್ಮಿತ್ 1966ರಲ್ಲಿ ಬರೆದ ‘ಪ್ಲಾಟಿಂಗ್ ಆ್ಯಂಡ್ ರೈಟಿಂಗ್ ಸಸ್ಪೆನ್ಸ್ ಫಿಕ್ಷನ್’ ಪುಸ್ತಕದಲ್ಲಿ ತಾವೇ ಹೇಳಿಕೊಂಡಿದ್ದಾರೆ.

ದೂರು: ‘ಟಾಮ್‌ಗೆ ಡಿಕಿಯ ಮೇಲೆ ಇದ್ದದ್ದು ಪ್ರೀತಿಯೋ, ಹೊಟ್ಟೆಕಿಚ್ಚೋ? ನೇರ ಹೇಳಬಾರದಿತ್ತೇ?’
ಕಾರಣ: 1952ರಲ್ಲಿ ಹೈಸ್ಮಿತ್ ಇಬ್ಬರು ಹೆಂಗಸರ ಪ್ರೇಮದ ಕಾದಂಬರಿ ‘ದಿ ಪ್ರೈಸ್ ಆಫ್ ಸಾಲ್ಟ್’ ಪ್ರಕಟಿಸಿದಾಗ ಕ್ಲೇರ್ ಮಾರ್ಗನ್ ಎಂಬ ಹೆಸರಿನ ಹಿಂದೆ ನಿಂತಿದ್ದರು. ಅದು ‘ಕ್ಯಾರೊಲ್’ ಎಂಬ ಹೆಸರಿನಲ್ಲಿ, ಅವರ ಸ್ವಂತ ಹೆಸರು ಹೊತ್ತು ಬಂದದ್ದು 1990ರಲ್ಲಿ. ಬೇರೆ ಹೆಸರಿನಲ್ಲಿ ಬದುಕುವುದು ಏನೆಂದು ತಿಳಿದವರು ಕಟ್ಟಿದ ಪಾತ್ರವಿದು. ಟಾಮ್ ಸಲಿಂಗಿಯಲ್ಲ ಎಂದೇ ಅವರು ಸಂದರ್ಶನದಲ್ಲಿ ಹೇಳಿದ್ದರು. ಓದುಗರಲ್ಲಿ ಬಹಳ ಮಂದಿ ಅದನ್ನು ಒಪ್ಪಿಲ್ಲ.
ಪರಿಹಾರ: ಎರಡೂ ಇರಲಿ. ಒಬ್ಬನನ್ನು ಬಯಸುವುದಕ್ಕೂ ಅವನೇ ಆಗಲು ಬಯಸುವುದಕ್ಕೂ ನಡುವಿನ ಗೋಡೆ ಈ ಉತ್ಪನ್ನದಲ್ಲಿ ಬೇಕೆಂದೇ ತೆಳ್ಳಗಿದೆ.

ದೂರು: ‘ಶಿಕ್ಷೆಯೇ ಆಗಲಿಲ್ಲ. ಇದೆಂಥ ನ್ಯಾಯ?’
ಕಾರಣ: ನ್ಯಾಯವೆಂಬ ಬಿಡಿಭಾಗ ಈ ಮಾದರಿಗೆ ಹೊಂದುವುದಿಲ್ಲ.
ಪರಿಹಾರ: ಮುಂದಿನ ವಿಭಾಗ ನೋಡಿ. ಈ ಭಾಗವನ್ನು ಹೊರಗಿನಿಂದ ತಂದು ಜೋಡಿಸಲು ಕೆಲವರು ಪ್ರಯತ್ನಿಸಿದ್ದಾರೆ.

6. ಇತರ ಮಾದರಿಗಳು

ಓದುಗರ ದೂರುಗಳನ್ನು ಎಲ್ಲರಿಗಿಂತ ಗಂಭೀರವಾಗಿ ತೆಗೆದುಕೊಂಡವರು ಸಿನಿಮಾದವರು. ಅವರಲ್ಲಿ ಕೆಲವರು ಒಂದೊಂದು ದೂರನ್ನು ರಿಪೇರಿ ಮಾಡಿದ್ದಾರೆ.

1960ರ ಫ್ರೆಂಚ್ ಮಾದರಿ ‘ಪ್ಲೆನ್ ಸೊಲೆಯ್’. ನಿರ್ದೇಶಕ ರೆನೆ ಕ್ಲೆಮಾಂ, ಟಾಮ್ ಆಗಿ ಅಲೆನ್ ದೆಲಾನ್. ರಟ್ಟಿನ ಮೇಲಿನ ‘ಮೋಹಕ’ ಎಂಬ ಪದ ನಿಜವಾದದ್ದು ಇಲ್ಲೇ. ಆ ಕಣ್ಣು, ಆ ಬಿಸಿಲು ನೋಡಿದ ಮೇಲೆ ಪುಸ್ತಕಕ್ಕೆ ಬಂದವರು ಸರಕು ಬದಲಾಗಿದೆ ಎಂದು ದೂರುವುದು ಸಹಜ. ಇಷ್ಟು ಚೆಂದದ ಹುಡುಗನನ್ನು ಬಿಟ್ಟುಬಿಟ್ಟರೆ ನ್ಯಾಯದ ಗತಿಯೇನೆಂದು ಕ್ಲೆಮಾಂಗೆ ಅನ್ನಿಸಿರಬೇಕು. ಹಾಯಿದೋಣಿಯನ್ನು ದಡಕ್ಕೆ ಎಳೆದಾಗ ಅದರ ಬುಡಕ್ಕೆ ಸಿಕ್ಕಿಕೊಂಡ ಹೆಣವೂ ಮೇಲೆ ಬರುತ್ತದೆ. ಹೈಸ್ಮಿತ್ ದೆಲಾನ್‌ನನ್ನು ಮೆಚ್ಚಿಕೊಂಡರು. ಅಂತ್ಯವನ್ನು ಲೋಕದ ನೀತಿಗೆ ಹೆದರಿ ಬಗ್ಗಿದ್ದು ಎಂದು ಬೈದರು.

1999ರ ಮಾದರಿ ಆಂಟನಿ ಮಿಂಘೆಲ್ಲಾ ಅವರದು. ಟಾಮ್ ಆಗಿ ಮ್ಯಾಟ್ ಡೇಮನ್, ಡಿಕಿಯಾಗಿ ಜೂಡ್ ಲಾ. ಇಲ್ಲಿ ಡಿಕಿ ಚಿತ್ರ ಬಿಟ್ಟು ಸ್ಯಾಕ್ಸೊಫೋನ್ ಹಿಡಿದಿದ್ದಾನೆ. ಮುಖ್ಯ ರಿಪೇರಿ ದೋಣಿಯಲ್ಲಿ ನಡೆದಿದೆ: ಪುಸ್ತಕದಲ್ಲಿ ಲೆಕ್ಕ ಹಾಕಿ ಮಾಡಿದ ಕೊಲೆ ಇಲ್ಲಿ ಅವಮಾನದ ಬಿಸಿಯಲ್ಲಿ ನಡೆದುಹೋಗುತ್ತದೆ. ಕೊನೆಯಲ್ಲಿ ಟಾಮ್ ತನ್ನನ್ನು ನಿಜವಾಗಿ ಪ್ರೀತಿಸುವವನನ್ನೇ ಕೊಂದು ಒಂಟಿಯಾಗಿ ಕೂರುತ್ತಾನೆ. ಪೊಲೀಸರು ಕೊಡದ ಶಿಕ್ಷೆಯನ್ನು ಮನಸ್ಸಾಕ್ಷಿಯಿಂದ ಕೊಡಿಸಲಾಗಿದೆ. ಅತ್ತು ಹೊರಬರುವ ಪ್ರೇಕ್ಷಕರಿಗೆ ತಮ್ಮ ಬಗ್ಗೆ ಒಳ್ಳೆಯ ಅಭಿಪ್ರಾಯ ಉಳಿಯುತ್ತದೆ. ಪುಸ್ತಕ ಆ ಸೌಲಭ್ಯ ಒದಗಿಸುವುದಿಲ್ಲ.

2024ರ ಮಾದರಿ ಸ್ಟೀವನ್ ಜೈಲಿಯನ್ ಅವರ ‘ರಿಪ್ಲಿ’, ನೆಟ್‌ಫ್ಲಿಕ್ಸ್‌ನಲ್ಲಿ ಎಂಟು ಕಂತು, ಕಪ್ಪುಬಿಳುಪು. ಆಂಡ್ರ್ಯೂ ಸ್ಕಾಟ್‌ಗೆ ಆಗ ನಲವತ್ತೈದು ದಾಟಿತ್ತು; ವಯಸ್ಸಿನ ಬಗ್ಗೆ ಗೊಣಗಿದವರು ಕಡಿಮೆಯಿಲ್ಲ. ಜೈಲಿಯನ್ ಏನನ್ನೂ ರಿಪೇರಿ ಮಾಡಲಿಲ್ಲ. ಮೆಟ್ಟಿಲು, ನೀರು, ಹೆಣದ ಭಾರ, ನೆಲ ಒರೆಸುವುದು, ಇವಕ್ಕೆಲ್ಲ ಬೇಕಾದಷ್ಟು ಸಮಯ ಕೊಟ್ಟರು. ತಕ್ಷಣ ಹಳೆಯ ದೂರು ಹೊಸದಾಗಿ ಬಂತು: ತುಂಬಾ ನಿಧಾನ. ಮೂಲಕ್ಕೆ ಹತ್ತಿರವಾಗಿದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಪ್ರಮಾಣಪತ್ರ ಬೇಕಿಲ್ಲ.

7. ಹೆಚ್ಚುವರಿ ಸಂಪುಟಗಳು

ಇಷ್ಟವಾದವರಿಗೆ ಇನ್ನೂ ನಾಲ್ಕು ಲಭ್ಯ: ‘ರಿಪ್ಲಿ ಅಂಡರ್ ಗ್ರೌಂಡ್’ (1970), ‘ರಿಪ್ಲೀಸ್ ಗೇಮ್’ (1974), ‘ದಿ ಬಾಯ್ ಹೂ ಫಾಲೋಡ್ ರಿಪ್ಲಿ’ (1980), ‘ರಿಪ್ಲಿ ಅಂಡರ್ ವಾಟರ್’ (1991). ಟಾಮ್ ಈಗ ಫ್ರಾನ್ಸ್‌ನ ಹಳ್ಳಿಯೊಂದರಲ್ಲಿ ದೊಡ್ಡ ಮನೆಯ ಯಜಮಾನ. ಹೆಂಡತಿ ಎಲೊಯೀಸ್, ಹೂದೋಟ, ಹಾರ್ಪ್ಸಿಕಾರ್ಡ್ ಪಾಠ. ನಡುನಡುವೆ ಅಗತ್ಯ ಬಿದ್ದಾಗ ಕೊಲೆ. ಐದು ಪುಸ್ತಕಗಳಲ್ಲೂ ಸಿಕ್ಕಿಬೀಳುವುದಿಲ್ಲ.

ಎಚ್ಚರಿಕೆ: ಮೊದಲ ಸಂಪುಟದಲ್ಲಿ ಹೊಟ್ಟೆ ತೊಳಸಿದವರಿಗೆ ಮೂರನೆಯದರಲ್ಲಿ ಏನೂ ಆಗುವುದಿಲ್ಲ. ಹೂದೋಟದ ವರ್ಣನೆ ಚೆನ್ನಾಗಿದೆ ಎನ್ನತೊಡಗುತ್ತಾರೆ. ಈ ಅಡ್ಡಪರಿಣಾಮದ ಬಗ್ಗೆ ಇದುವರೆಗೆ ಯಾರೂ ದೂರು ಕೊಟ್ಟಿಲ್ಲ. ಕಂಪನಿಗೆ ನಿಜವಾಗಿ ಚಿಂತೆಯಿರುವುದು ಇದೊಂದರ ಬಗ್ಗೆ.

8. ತಯಾರಕರ ಬಗ್ಗೆ

ಹೈಸ್ಮಿತ್ (1921–1995) ಹುಟ್ಟಿದ್ದು ಟೆಕ್ಸಸ್‌ನಲ್ಲಿ, ಸತ್ತದ್ದು ಸ್ವಿಟ್ಜರ್‌ಲೆಂಡ್‌ನಲ್ಲಿ. ಬಸವನಹುಳುಗಳನ್ನು ಸಾಕಿದ್ದರು, ಪಾರ್ಟಿಗೆ ಕೈಚೀಲದಲ್ಲಿ ಸೊಪ್ಪಿನ ಜೊತೆ ಹುಳುಗಳನ್ನು ಒಯ್ದ ಕಥೆ ಪ್ರಸಿದ್ಧ. 1952ರಲ್ಲಿ ಇಟಲಿಯ ಪೊಸಿಟಾನೊದಲ್ಲಿ ಒಂದು ಬೆಳಗ್ಗೆ ಹೋಟೆಲಿನ ಬಾಲ್ಕನಿಯಿಂದ ನೋಡುತ್ತಿದ್ದಾಗ, ಚಡ್ಡಿ ತೊಟ್ಟು ಹೆಗಲಿಗೆ ಟವೆಲ್ ಹಾಕಿಕೊಂಡ ಯುವಕನೊಬ್ಬ ಮರಳಿನ ಮೇಲೆ ಒಬ್ಬನೇ ನಡೆದುಹೋದ. ಮಾತಿಲ್ಲ, ಪರಿಚಯವಿಲ್ಲ. ಕಚ್ಚಾವಸ್ತು ಇಷ್ಟೇ.

ತಯಾರಿಕೆ ಮುಂದೆ ಅಮೆರಿಕದಲ್ಲಿ ನಡೆಯಿತು, ಶವಸಂಸ್ಕಾರದ ವೃತ್ತಿಯವರೊಬ್ಬರಿಂದ ಬಾಡಿಗೆಗೆ ಹಿಡಿದ ಮನೆಯಲ್ಲಿ. ಶುರುವಿನ ಪುಟಗಳು ಸಪ್ಪೆಯಾದವು. ತಾವು ಆರಾಮವಾಗಿ ಕೂತು ಬರೆಯುತ್ತಿರುವುದೇ ದೋಷವೆಂದು ಹೈಸ್ಮಿತ್‌ಗೆ ಹೊಳೆಯಿತು. ಹರಿದು ಹಾಕಿ, ಕುರ್ಚಿಯ ಅಂಚಿಗೆ ಬಂದು ಕೂತು ಮತ್ತೆ ಬರೆದರು. ಟಾಮ್ ನೆಮ್ಮದಿಯಾಗಿ ಒರಗಿ ಕೂರುವ ಹುಡುಗನಲ್ಲ ಎಂಬುದು ಅವರ ವಿವರಣೆ. ಓದುವಾಗ ನಿಮ್ಮ ಬೆನ್ನು ಕುರ್ಚಿಗೆ ತಾಗದಿದ್ದರೆ ಅದು ಅಲ್ಲಿಂದ ಬಂದದ್ದು.

1957ರಲ್ಲಿ ಫ್ರಾನ್ಸ್‌ನ ಪತ್ತೇದಾರಿ ಸಾಹಿತ್ಯದ ದೊಡ್ಡ ಬಹುಮಾನ ‘ಗ್ರಾಂ ಪ್ರಿ’ ಇದಕ್ಕೆ ಬಂತು. ಅಮೆರಿಕದ ರಹಸ್ಯ ಕಾದಂಬರಿಕಾರರ ಸಂಘವೂ ಒಂದು ಮಾನಪತ್ರ ಕೊಟ್ಟಿತ್ತು. ಅದಕ್ಕೆ ಬೂಷ್ಟು ಹಿಡಿದಾಗ ಒರೆಸಲೆಂದು ಚೌಕಟ್ಟಿನಿಂದ ತೆಗೆದ ಹೈಸ್ಮಿತ್, ತಮ್ಮ ಹೆಸರಿಗೆ ಮೊದಲು ‘ಮಿಸ್ಟರ್ ರಿಪ್ಲಿ ಮತ್ತು’ ಎಂದು ತಮ್ಮ ಕೈಯಾರೆ ಸೇರಿಸಿದರು. ತಯಾರಕರನ್ನೇ ಎರಡನೆಯ ಸ್ಥಾನಕ್ಕೆ ತಳ್ಳಿದ ಸರಕು ಗ್ರಾಹಕರನ್ನು ಬಿಟ್ಟೀತೇ?

9. ದೂರು ಅರ್ಜಿ

ಇಷ್ಟಾದ ಮೇಲೂ ದೂರು ಕೊಡಲೇಬೇಕೆನ್ನುವವರು ಈ ಕೆಳಗಿನ ನಮೂನೆಯನ್ನು ತುಂಬಿ ಕಳಿಸಬಹುದು.

ಅ) ಹಣ್ಣಿನ ಬುಟ್ಟಿ ಬಂದಾಗ ನಿಮಗೆ ಏನನ್ನಿಸಿತು? ಒಂದು ವಾಕ್ಯದಲ್ಲಿ ಬರೆಯಿರಿ.

ಆ) ಫ್ರೆಡ್ಡಿ ಎರಡನೆಯ ಸಲ ಮೆಟ್ಟಿಲು ಹತ್ತಿ ಬಂದಾಗ ನೀವು ಯಾರಿಗಾಗಿ ಹೆದರಿದಿರಿ? ಸರಿಯಾದುದಕ್ಕೆ ಗುರುತು ಹಾಕಿ: ಫ್ರೆಡ್ಡಿ / ಟಾಮ್.

ಇ) ಡಿಕಿ ಸತ್ತ ಮೇಲೆ ಅವನನ್ನು ಎಷ್ಟು ಸಲ ನೆನೆದಿರಿ? ಅವನ ಉಂಗುರಗಳನ್ನು ಎಷ್ಟು ಸಲ?

ಈ) ಕೊನೆಯ ಪುಟದಲ್ಲಿ ಸಿಟ್ಟು ಬಂದದ್ದು ಟಾಮ್ ತಪ್ಪಿಸಿಕೊಂಡದ್ದಕ್ಕೋ, ಅವನು ತಪ್ಪಿಸಿಕೊಳ್ಳಲೆಂದು ನೀವು ಕಾದದ್ದಕ್ಕೋ?

‘ಆ’ ಪ್ರಶ್ನೆಗೆ ‘ಫ್ರೆಡ್ಡಿ’ ಎಂದು ಗುರುತು ಹಾಕಿದವರ ದೂರನ್ನು ಮಾತ್ರ ಪರಿಶೀಲನೆಗೆ ತೆಗೆದುಕೊಳ್ಳಲಾಗುವುದು. ಅಂಥವರಿಗೆ ಪುಸ್ತಕದ ಪೂರ್ತಿ ಬೆಲೆ ವಾಪಸ್. ಉಳಿದವರ ಅರ್ಜಿಯನ್ನು ಪ್ರಶಂಸಾಪತ್ರವೆಂದು ಭಾವಿಸಿ ಕಡತಕ್ಕೆ ಸೇರಿಸಲಾಗುವುದು.

ಅರ್ಜಿಯ ಕೊನೆಯಲ್ಲಿ ಹೆಸರು ಬರೆದು ಸಹಿ ಹಾಕಿ. ಎರಡೂ ನಿಮ್ಮವೇ ಆಗಿರಲಿ.